ಸೆನೆಟ್ಟಿನಲ್ಲಿ ಎಫೀ ಅತ್ತೆಯ ಹಾರ್ನ್

ಕೆನಡಾದ ಪೂರ್ವ ಕಡಲಿನ ನಮ್ಮ ಟರ್ ದ್ವೀಪದಲ್ಲಿ ಹುಟ್ಟಿದವರಿಗೆ ಉದ್ದ ಮಾತು ಬರುವುದಿಲ್ಲ. ದೋಣಿಯಿಂದ ದಡಕ್ಕೆ ಕೂಗಿ ಬೆಳೆದವರು ನಾವು. ಎರಡನೆಯ ವಾಕ್ಯವನ್ನು ಗಾಳಿ ಎತ್ತಿಕೊಂಡು ಹೋಗುತ್ತದೆ. ಇಂಥ ಊರಿನ ಎಫೀ ರೈಡೌಟ್ ರಾಜಧಾನಿ ಒಟ್ಟಾವಾದಲ್ಲಿ ಸೆನೆಟರ್ ಆದರು ಎಂದಾಗ ನಾನಂತೂ ಬಿದ್ದು ಬಿದ್ದು ನಕ್ಕೆ. ಮಾತಾಡುವುದೇ ಕೆಲಸವಾಗಿರುವ ಜಾಗಕ್ಕೆ ಇವರೇ?

ಊರಿಗೆಲ್ಲ ಅವರು ಎಫೀ ಅತ್ತೆ. ನಮ್ಮ ಚಿಕ್ಕ ಆಸ್ಪತ್ರೆಯ ನರ್ಸ್ ಆಗಿದ್ದವರು. ಊರಿನ ಅರ್ಧ ಜನ ಮೊದಲು ಕಂಡ ಮುಖ ಅವರದೇ, ಮೊದಲು ತಿಂದ ಬೈಗುಳವೂ ಅವರದೇ. ಸೆನೆಟ್ಟಿಗೆ ನೇಮಿಸುತ್ತೇವೆಂದು ಹೇಳಲು ಪ್ರಧಾನಿ ಕಚೇರಿಯಿಂದ ಫೋನ್ ಬಂದಾಗ ಕಾಡ್ ಮೀನು ಸೀಳುತ್ತಿದ್ದರಂತೆ. "ಆಮೇಲೆ ಮಾಡಪ್ಪಾ, ಕೈಯೆಲ್ಲಾ ಗಲೀಜು" ಎಂದು ಇಟ್ಟುಬಿಟ್ಟರು. ಪುಣ್ಯಕ್ಕೆ ಕಚೇರಿಯವರು ಮತ್ತೆ ಮಾಡಿದರು.

ಸೆನೆಟ್ಟಿನಲ್ಲೂ ಅತ್ತೆ ಬದಲಾಗಲಿಲ್ಲ. ಆಸ್ಪತ್ರೆಗಳ ಬಗ್ಗೆ ದಿನವಿಡೀ ಚರ್ಚೆ ನಡೆದಾಗ ಎದ್ದು ನಿಂತು, "ರಾತ್ರಿ ಪಾಳಿಯವ್ರಿಗೆ ಬಿಸಿ ಊಟ ಕೊಡಿ. ಮಿಕ್ಕಿದ್ದು ಅವ್ರೇ ನೋಡ್ಕೋತಾರೆ" ಎಂದು ಕೂತರು. ಬಜೆಟ್ ಮೇಲೆ ಅವರ ಭಾಷಣ ಒಂದೇ ಪದ: "ಯಾವಾಗ?" ಕಲಾಪ ಬರೆದುಕೊಳ್ಳುವವರಿಗೆ ಅವರೆಂದರೆ ಪಂಚಪ್ರಾಣವಾಗಿತ್ತು.

ಪಕ್ಕದ ಕುರ್ಚಿಯ ಒರೆಸ್ಟ್ ಹ್ರಿಂಚುಕ್ ಇದಕ್ಕೆ ತದ್ವಿರುದ್ಧ. ಸಾಸ್ಕಾಚುವಾನಿನ ಗೋಧಿ ಬಯಲಿನವನು. ಅವನ ಭಾಷಣಕ್ಕೂ ಆ ಬಯಲಿನಂತೆ ಅಂಚೇ ಇರಲಿಲ್ಲ. ಜೊತೆಗೆ ನಿಯಮದ ಹುಚ್ಚು ಬೇರೆ. ಯಾರಾದರೂ ನಿಯಮ ಸಡಿಲಿಸಲು ಸದನದ ಒಪ್ಪಿಗೆ ಕೇಳಿದರೆ ಒಬ್ಬನೇ ಒಬ್ಬ "ಇಲ್ಲ" ಎಂದರೂ ಸಾಕು, ಕೆಲಸ ಕೆಟ್ಟಿತು. ಆ ಒಬ್ಬ ಯಾವಾಗಲೂ ಒರೆಸ್ಟೇ. ಅತ್ತೆ ಊರಿನಿಂದ ಪಾರ್ಟ್ರಿಡ್ಜ್‌ಬೆರಿ ಜ್ಯಾಮ್ ಒಯ್ದು ಅವನ ಮುಂದಿಡುತ್ತಿದ್ದರು. "ತಿನ್ನಪ್ಪಾ ಒರೆಸ್ಟ್, ಅಷ್ಟು ಹೊತ್ತಾದ್ರೂ ಬಾಯಿ ಮುಚ್ಚಿರುತ್ತೆ."

ಸೆನೆಟ್ಟಿನಲ್ಲಿ ಅತ್ತೆಯ ಕೊನೆಯ ವರ್ಷ, ಮಂಜು ಕವಿದಾಗ ದೋಣಿಗಳಿಗೆ ದಡ ತಿಳಿಸಲು ಕೂಗುವ ನಮ್ಮ ಹಾರ್ನನ್ನು ಸರ್ಕಾರ ನಿಲ್ಲಿಸುತ್ತದೆ ಎಂಬ ಸುದ್ದಿ ಬಂತು. ಈಗ ಎಲ್ಲರ ಫೋನೂ ದಾರಿ ತೋರಿಸುತ್ತದಂತೆ! ನನಗೆ ಮೈಯೆಲ್ಲ ಉರಿಯಿತು. ನನ್ನ ಗಂಡ ಚೆಸ್ ಒಮ್ಮೆ ದಟ್ಟ ಮಂಜಿನಲ್ಲಿ ಸಿಕ್ಕಿಕೊಂಡು, ಆ ಹಾರ್ನ್ ಸದ್ದು ಹಿಡಿದೇ ಮನೆಗೆ ಬಂದವನು. ಅದು ಕೂಗದಿದ್ದರೆ ನಾನು ಇವತ್ತು ವಿಧವೆ. ಅತ್ತೆ ಸೆನೆಟ್ಟಿನಲ್ಲಿ ಒಂದು ನಿರ್ಣಯ ತಂದರು: ಮೀನುಗಾರಿಕೆ ಸಮಿತಿ ಮೊದಲು ಇಲ್ಲಿಗೆ ಬಂದು ನೋಡಲಿ. "ಮಂಜಲ್ಲಿ ಫೋನ್ ಒದ್ದೆ ಆಗುತ್ತೆ. ಹಾರ್ನ್ ಆಗಲ್ಲ. ಬಂದು ಕೇಳಿ," ಎಂದರು. ಅಷ್ಟೇ.

ಮುಂದೆ ಮಾತಾಡುವ ಸರದಿಯನ್ನು ಒರೆಸ್ಟ್ ತನ್ನ ಹೆಸರಿಗೆ ಕಾಯ್ದಿರಿಸಿಕೊಂಡ. ಹಾಗೆ ಮಾಡಿದರೆ ಉಳಿದವರು ಮರ್ಯಾದೆಗೆ ಕಾಯುತ್ತಾರೆ. ಗುಮಾಸ್ತರು ದಿನಾ ಆ ನಿರ್ಣಯದ ಹೆಸರು ಕೂಗುತ್ತಾರೆ, ಯಾರೂ ಮಾತಾಡದಿದ್ದರೆ ಎಲ್ಲರೂ "ಇರಲಿ!" ಎನ್ನುತ್ತಾರೆ, ಅದು ನಾಳೆಗೆ ಹೋಗುತ್ತದೆ. ಆದರೆ ಕಲಾಪದ ಹದಿನೈದು ದಿನ ಹೀಗೇ ಕಳೆದರೆ ನಿರ್ಣಯ ಸತ್ತಂತೆ. ಅತ್ತೆಗೆ ಎಪ್ಪತ್ತೈದು ತುಂಬುತ್ತಿತ್ತು, ಅಂದರೆ ನಿವೃತ್ತಿ. ಇನ್ನೊಂದು ತರಲು ಸಮಯವಿರಲಿಲ್ಲ.

ಹದಿನೈದನೆಯ ದಿನ ಚರ್ಚ್ ಹಾಲಿನಲ್ಲಿ ಊರೆಲ್ಲ ಸೇರಿ ಪರದೆಯ ಮೇಲೆ ಕಲಾಪ ನೋಡುತ್ತಿದ್ದೆವು. ಒರೆಸ್ಟ್ ದಿನದ ಲೆಕ್ಕ ತಪ್ಪಿ (ಇದು ಆಮೇಲೆ ಅವನೇ ಹೇಳಿದ್ದು) ನಾಳೆ ಕೊನೆಯ ದಿನವೆಂದುಕೊಂಡು ಕಾಗದ ಜೋಡಿಸುತ್ತಿದ್ದ. ಗುಮಾಸ್ತರು ನಿರ್ಣಯದ ಹೆಸರು ಕೂಗಿದರು. "ಇರಲಿ!" ಎಂದಿತು ಸದನ. ಎಲ್ಲರಿಗಿಂತ ಜೋರಾಗಿ ಕೇಳಿದ್ದು ಎಫೀ ಅತ್ತೆಯ ದನಿ! ಕೇಳಿದಾಕ್ಷಣ ಹೇಳುವುದು ನಾಲಿಗೆಗೆ ಅಭ್ಯಾಸವಾಗಿಬಿಟ್ಟಿತ್ತು.

"ಅಯ್ಯೋ, ತಮ್ಮ ಕೈಯಾರೆ ಕೊಂದ್ಬಿಟ್ರಲ್ಲೇ!" ಎಂದ ಚೆಸ್.

ನಾನು ಗಡಬಡಿಸಿ ಮೆಸೇಜ್ ಹಾಕಿದೆ: "ಅತ್ತೆ, ಇವತ್ತೇ ಕೊನೇ ದಿನ!" ಪರದೆಯ ಮೇಲೆ ಅತ್ತೆ ಮೇಜಿನ ಕೆಳಗೆ ಬಗ್ಗಿ ಫೋನ್ ನೋಡಿದರು. ಮುಖ ಬಿಳಿಚಿಕೊಂಡಿತು. ಎದ್ದರು.

"ಅಧ್ಯಕ್ಷರೇ, ತಪ್ಪು ನಂದು. ಬಾಯಿ ತಾನಾಗೇ ಆಡ್ಬಿಡ್ತು. ಒಂದ್ಸಲ ಹಿಂದಕ್ಕೆ ಹೋಗೋಕೆ ಬಿಡಿ."

"ಸದನದ ಒಪ್ಪಿಗೆ ಇದೆಯಾ?" ಎಂದರು ಅಧ್ಯಕ್ಷರು.

ನಮ್ಮ ಕಣ್ಣೆಲ್ಲ ಒರೆಸ್ಟ್ ಮೇಲೆ. ಅವನ ಬಾಯಿ ತೆರೆಯಿತು. ನಾನು ಚೆಸ್‌ನ ತೋಳು ಹಿಡಿದು ಚಿವುಟಿಯೇಬಿಟ್ಟೆ. ಆ ಬಾಯಿ ಸ್ವಲ್ಪ ಹೊತ್ತು ಹಾಗೇ ತೆರೆದಿದ್ದು, ಮುಚ್ಚಿಕೊಂಡಿತು. ಸದನದಲ್ಲಿ ಯಾರೋ ಚಪ್ಪಾಳೆ ತಟ್ಟಿದರು.

ಆಮೇಲೆ ಒರೆಸ್ಟ್ ಎದ್ದು ಮಾತಾಡಿದ. ನಾವು ಊಟ ಮುಗಿಸಿ, ಪಾತ್ರೆ ತೊಳೆದು ಬಂದರೂ ಮಾತಾಡುತ್ತಲೇ ಇದ್ದ. ಹಾರ್ನ್ ಹಳೆಯ ಕಾಲದ್ದೇ ಇರಬಹುದು, ಆದರೆ ನೋಡದೆ ನಿಲ್ಲಿಸುವುದು ಸರಿಯಲ್ಲ ಎಂಬುದು ಒಟ್ಟು ಸಾರ. ನಿರ್ಣಯ ಗೆದ್ದಿತು. ಮರುವಾರ ಅತ್ತೆ ನಿವೃತ್ತರಾಗಿ ಊರಿಗೆ ಬಂದರು.

ಬೇಸಿಗೆಯಲ್ಲಿ ಸಮಿತಿ ಬಂತು, ಒರೆಸ್ಟೂ ಬಂದ. ಅತ್ತೆಯ ಅಡುಗೆಮನೆಯಲ್ಲಿ ಉಪ್ಪು ಮಾಂಸ, ಬಟಾಣಿ ಪುಡಿಂಗ್ ತಿಂದು, ಚೆಸ್‌ನ ದೋಣಿಯಲ್ಲಿ ಸುತ್ತಲು ಹೋದ. ಅರ್ಧ ದಾರಿಯಲ್ಲಿ ಮಂಜು ಇಳಿಯಿತು. ತನ್ನ ಕೈಯೇ ತನಗೆ ಕಾಣದಾಯಿತು. ಒರೆಸ್ಟ್ ಫೋನ್ ತೆಗೆದ. ಒದ್ದೆಯಾದ ಗಾಜಿನ ಮೇಲೆ ಬೆರಳು ಎಲ್ಲಿಟ್ಟರೂ ಅದು ಇನ್ನೇನೋ ತೋರಿಸಿತು. ಹೆದರಿಕೆಗೆ ಅವನ ಮಾತು ಇನ್ನೂ ಹೆಚ್ಚಾಯಿತು. ಚೆಸ್ ಎಂಜಿನ್ ನಿಲ್ಲಿಸಿದ.

"ಯಾಕ್ರೀ ನಿಲ್ಸಿದ್ರಿ?"

"ಕೇಳಿಸ್ಕೊಳ್ಳೋಕೆ ಸಾರ್. ಈಗ ನೀವೂ ನಿಲ್ಸಿ."

ಒರೆಸ್ಟ್ ನಿಲ್ಲಿಸಿದ. ಆಗ ಎಡಗಡೆಯಿಂದ ಹಾರ್ನ್ ಕೂಗಿತು. ಚೆಸ್ ದೋಣಿ ತಿರುಗಿಸಿದ. ಸ್ವಲ್ಪ ಹೊತ್ತಿಗೆ ಮಂಜಿನೊಳಗಿಂದ ನಮ್ಮ ದೋಣಿ ಕಟ್ಟೆ ಕಂಡಿತು, ಕಟ್ಟೆಯ ಮೇಲೆ ಶಾಲು ಹೊದ್ದು ನಿಂತ ಅತ್ತೆ ಕಂಡರು.

ಹಾರ್ನ್ ಉಳಿಯಲಿ ಎಂದು ಸಮಿತಿ ವರದಿ ಬರೆಯಿತು. ಅದು ಸದನಕ್ಕೆ ಬಂದ ದಿನ ನಾವು ಮತ್ತೆ ಹಾಲಿನಲ್ಲಿ ಸೇರಿದೆವು. ಈ ಸಲ ಅತ್ತೆಯೂ ನಮ್ಮ ಜೊತೆ, ಕೈಯಲ್ಲಿ ಅರ್ಧ ಹೆಣೆದ ಕಾಲುಚೀಲ. ಮಾತಾಡಲು ಒರೆಸ್ಟ್ ಎದ್ದ. "ಸರಿ, ಇನ್ನು ಸಾಯಂಕಾಲದವರೆಗೆ" ಎಂದು ನಾನು ಟೀಗೆ ನೀರಿಟ್ಟೆ.

"ಮಂಜಿತ್ತು," ಎಂದ ಒರೆಸ್ಟ್. "ಹಾರ್ನ್ ಕೇಳಿಸ್ತು. ಅದಕ್ಕೇ ಇವತ್ತು ಇಲ್ಲಿ ನಿಂತಿದೀನಿ."

ಕೂತುಬಿಟ್ಟ. ಸದನ ಒಂದೇ ದನಿಯಲ್ಲಿ ವರದಿ ಒಪ್ಪಿತು. ನನ್ನ ನೀರು ಇನ್ನೂ ಬೆಚ್ಚಗೂ ಆಗಿರಲಿಲ್ಲ. ಹಾಲಿನಲ್ಲಿ ಎಲ್ಲರೂ ಕುಣಿದಾಡುತ್ತಿದ್ದರೆ ಅತ್ತೆ ಮಾತ್ರ ಕಾಲುಚೀಲದಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು.

"ಏನತ್ತೆ, ಹೇಗಿತ್ತು ಭಾಷಣ?" ಎಂದೆ.

"ಸ್ವಲ್ಪ ಉದ್ದ ಆಯ್ತು ಕಣೇ," ಎಂದರು.