ಕಿವಿಯಲ್ಲಿ ಉಳಿಸಿಕೊಂಡ ಕಡ್ಡಿ

ದೀಕ್ಷಾಸ್ನಾನ ಆದಮೇಲೆ ನಾನು ಒಡವೆ ಹಾಕಿಲ್ಲ. ಇದು ನಿಜ. ಆದರೆ ಕಿವಿಯ ತೂತು ಮುಚ್ಚಿಕೊಳ್ಳಲು ನಾನು ಬಿಟ್ಟಿರಲಿಲ್ಲ. ಇದೂ ನಿಜ. ನಮ್ಮ ಪ್ರಾರ್ಥನಾ ಸಭೆಯಲ್ಲಿ ಸಾಕ್ಷಿ ಹೇಳಲು, ಅಂದರೆ ದೇವರಿಂದ ನನ್ನ ಬದುಕು ಬದಲಾದದ್ದನ್ನು ಹೇಳಲು, ಎದ್ದು ನಿಂತಾಗಲೆಲ್ಲ ಮೊದಲನೆಯದನ್ನು ಹೇಳಿದ್ದೇನೆ. ಎರಡನೆಯದನ್ನು ಹೇಳಲು ಬಾಯಿ ಬರಲಿಲ್ಲ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಬರೆಯುವುದು ಕಷ್ಟ, ಆದರೆ ಎದ್ದು ನಿಂತು ಹೇಳುವುದಕ್ಕಿಂತ ಇದೇ ಸುಲಭ ಅನ್ನಿಸಿದೆ.

ಜರಗನಹಳ್ಳಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ ನನ್ನದು. ಯಜಮಾನರು ತೀರಿಕೊಂಡಿದ್ದಾರೆ, ಮಕ್ಕಳಿಲ್ಲ. ರೇಷ್ಮೆ ಸೀರೆಗಳ ಸೆರಗಿಗೆ ಕುಚ್ಚು ಕಟ್ಟುತ್ತೇನೆ. ಜಯನಗರದ ಅಂಗಡಿಯವರು ಸೀರೆ ಕಳಿಸುತ್ತಾರೆ, ಹೆಚ್ಚಿನವು ಮದುವೆ ಸೀರೆಗಳು. ಸೆರಗನ್ನು ಕಿಟಕಿಯ ಸರಳಿಗೆ ಕ್ಲಿಪ್ ಹಾಕಿ, ಬೆಳಕಿಗೆ ಎದುರಾಗಿ ಕೂತು, ದಾರ ಎಳೆದು ಗಂಟು ಹಾಕುತ್ತೇನೆ. ಇನ್ನೊಬ್ಬರ ಸಿಂಗಾರ ದಿನವೆಲ್ಲ ನನ್ನ ತೊಡೆಯ ಮೇಲೆ ಬಿದ್ದಿರುತ್ತದೆ. ಅದರಿಂದ ನನಗೆ ಏನೂ ಆಗುತ್ತಿರಲಿಲ್ಲ. ನನ್ನ ಆಸೆ ಇದ್ದದ್ದು ಒಂದೇ ಒಂದು ವಸ್ತುವಿನ ಮೇಲೆ, ಅಮ್ಮನ ಕೆಂಪು ಹರಳಿನ ಓಲೆಯ ಮೇಲೆ.

ಅಮ್ಮ ಹಳೆಯ ಚರ್ಚಿನವಳು. ಅಲ್ಲಿ ಒಡವೆಗೆ ಅಡ್ಡಿ ಇರಲಿಲ್ಲ. ಹಿರಿಯ ಮಗಳೆಂದು ಓಲೆಯನ್ನು ನನಗೆ ಕೊಟ್ಟು ಕಣ್ಣುಮುಚ್ಚಿದಳು. ಯಜಮಾನರು ಹೋದಮೇಲೆ ನಾನು ಮನೆ ಹತ್ತಿರದ ಸಣ್ಣ ಸಭೆಗೆ ಸೇರಿದೆ. ಆ ಸಭೆಯಲ್ಲಿ ಹೆಂಗಸರು ದೀಕ್ಷಾಸ್ನಾನದ ನೀರಿಗೆ ಇಳಿಯುವ ಮೊದಲು ಮೈಮೇಲಿನ ಚಿನ್ನ ತೆಗೆಯುತ್ತಾರೆ, ಆಮೇಲೆ ಹಾಕುವುದಿಲ್ಲ. ಯಾರೂ ಬಲವಂತ ಮಾಡುವುದಿಲ್ಲ. ಹಿಂದಿನ ಬದುಕನ್ನು ಬಿಟ್ಟೆ ಎನ್ನುವುದಕ್ಕೆ ಅದೊಂದು ಗುರುತು, ಅಷ್ಟೇ.

ನನ್ನ ಸರದಿ ಬಂದ ಭಾನುವಾರ ಸಭೆ ಸೇರುವ ಹಾಲ್‌ನ ಹಿಂದಿನ ನೀರಿನ ತೊಟ್ಟಿಯ ಪಕ್ಕದಲ್ಲಿ ತಂಗಿ ಟವೆಲ್ ಹಿಡಿದು ನಿಂತಿದ್ದಳು. ಓಲೆ ಬಿಚ್ಚಿ ಅವಳ ಕೈಯಲ್ಲಿಟ್ಟೆ.

"ಇಟ್ಕೊಂಡಿರ್ಬೇಕಾ, ಹಾಕ್ಕೋಬೇಕಾ?" ಅಂದಳು.

"ಹಾಕ್ಕೋ. ನನಗಿನ್ನು ಅದರ ಆಸೆ ಇಲ್ಲ."

"ಆಮೇಲೆ ಕೇಳಿದ್ರೆ ಕೊಡಲ್ಲ ನೋಡು," ಎಂದು ನಕ್ಕಳು.

ನೀರಿನಿಂದ ಮೇಲೆ ಬಂದಾಗ ಮೈ ಹಗುರಾಗಿತ್ತು. ಅದನ್ನು ಸುಳ್ಳೆನ್ನಲಾರೆ. ಆ ಹಗುರ ಕೆಲವು ವಾರ ಇತ್ತು.

ತಂಗಿ ಬಿಟಿಎಂ ಲೇಔಟಿನ ಒಂದು ಪಿಜಿಯಲ್ಲಿ ಅಡುಗೆ ಮಾಡುತ್ತಾಳೆ. ಭಾನುವಾರ ಎರಡು ಬಸ್ಸು ಹತ್ತಿ ನಮ್ಮ ಸಭೆಗೇ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದಳು. ಹಾಡುವಾಗ ಅವಳು ತಲೆ ಆಡಿಸುತ್ತಾಳೆ. ಆಡಿಸಿದಾಗಲೆಲ್ಲ ಹರಳು ಮಿನುಗುತ್ತಿತ್ತು. ಕಣ್ಣು ಮುಚ್ಚಿ ಪ್ರಾರ್ಥಿಸಬೇಕಾದ ನಾನು ಓರೆಗಣ್ಣಿನಲ್ಲಿ ಅವಳ ಕಿವಿ ನೋಡುತ್ತಿದ್ದೆ. ಒಂದು ಸಲ ಹರಳಿಗೆ ಒಗ್ಗರಣೆಯ ಜಿಡ್ಡು ಹತ್ತಿತ್ತು.

"ಅಂಟುವಾಳದ ನೀರಲ್ಲಿ ತೊಳ್ಯೋದಲ್ವೇನೇ? ಅಮ್ಮ ಹೇಗೆ ಇಟ್ಟಿದ್ಲು ಅದನ್ನ!" ಎಂದು ರೇಗಿದೆ.

"ಬಿಟ್ಟವಳಿಗೆ ಯಾಕೆ ಚಿಂತೆ?" ಅಂದಳು. ತಮಾಷೆಗೇ ಅಂದದ್ದು. ನನಗೆ ಚುಚ್ಚಿತು.

ಆ ವಾರವೇ ಇರಬೇಕು, ಮುಖ ತೊಳೆಯುವಾಗ ಕಿವಿ ಮುಟ್ಟಿ ನೋಡಿಕೊಂಡೆ. ತೂತು ಕಿರಿದಾದ ಹಾಗೆ ಅನ್ನಿಸಿತು. ನಮ್ಮ ಬಸ್‌ಸ್ಟಾಪಿನ ಹತ್ತಿರ ಒಂದು ಬೇವಿನ ಮರವಿದೆ. ಎರಡು ಎಳೆ ಕಡ್ಡಿ ತಂದು, ತೊಳೆದು, ಸಣ್ಣಗೆ ಮುರಿದು ಎರಡೂ ಕಿವಿಗೆ ಸೇರಿಸಿಕೊಂಡೆ. ಚಿಕ್ಕ ಹುಡುಗಿಯರಿಗೆ ಕಿವಿ ಚುಚ್ಚಿಸಿದಾಗ ತೂತು ಮುಚ್ಚದಿರಲೆಂದು ಹಾಕುತ್ತಾರಲ್ಲ, ಹಾಗೆ. ಯಾಕೆ ಹಾಕಿಕೊಂಡೆ ಎಂದು ನನ್ನನ್ನು ನಾನೇ ಕೇಳಲಿಲ್ಲ. ಕೇಳಿದ್ದರೆ ಉತ್ತರ ಕೊಡಬೇಕಾಗುತ್ತಿತ್ತು. ಮನೆಯಲ್ಲಿ ಕಡ್ಡಿ, ಸಭೆಗೆ ಹೊರಡುವಾಗ ಬರಿ ಕಿವಿ. ಹೀಗೇ ಬಹಳ ಕಾಲ ನಡೆಯಿತು. ಆ ಬರಿ ಕಿವಿಯನ್ನು ನೋಡಿ ಹೊಸದಾಗಿ ಬಂದ ಹೆಣ್ಣುಮಕ್ಕಳು "ನಿಮ್ಮ ಹಾಗೆ ಬಿಡೋಕೆ ನಮಗೂ ಬಲ ಬರ್ಲಿ ಆಂಟಿ" ಅನ್ನುತ್ತಿದ್ದರು.

ಆಮೇಲೆ ತಂಗಿ ತಾನೂ ದೀಕ್ಷಾಸ್ನಾನ ತೆಗೆದುಕೊಳ್ಳುತ್ತೇನೆ ಎಂದಳು. ಅದನ್ನು ಹೇಳಲೆಂದೇ ಒಂದು ಮಧ್ಯಾಹ್ನ ಮನೆಗೆ ಬಂದಳು. ಬಾಗಿಲು ತೆಗೆಯುವ ಮೊದಲು ಕಡ್ಡಿ ಕಿತ್ತು ಸೂಜಿ ಡಬ್ಬಿಯಲ್ಲಿ ಹಾಕಿದೆ.

"ಓಲೆ ತೆಗೀಲೇಬೇಕು ಅಂತಿಲ್ಲಮ್ಮ, ನಿನ್ನ ಮನಸ್ಸು ಅಂದ್ರು ಪಾಸ್ಟರ್," ಎಂದಳು. "ಅಮ್ಮಂದು ಅಂತ ಇರೋದು ಇದೊಂದೇ. ಹಾಕ್ಕೊಂಡ್ರೆ ಅವಳು ಜೊತೇಲಿದ್ದಂಗಿರುತ್ತೆ. ಇಟ್ಕೊಳ್ಲಾ ಅಕ್ಕ?"

ಇಟ್ಟುಕೋ ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು. ನಾನು ಅನ್ನಲಿಲ್ಲ.

"ಅದರ ಮೇಲೆ ಅಷ್ಟು ಜೀವ ಇದೆ ಅಂದ್ರೆ, ಅದೇ ನಿನಗೂ ದೇವರಿಗೂ ಅಡ್ಡ ಕೂತಿದೆ ಅಂತ ಅರ್ಥ," ಅಂದೆ. ಬೈಬಲಿನ ವಾಕ್ಯ ತೆಗೆದು ಬೆರಳಿಟ್ಟು ತೋರಿಸಿದೆ. ಅವಳಿಗಿಂತ ನಿಧಾನವಾಗಿ ಓದುವವಳು ನಾನು. ಆದರೂ ಆ ದಿನ ತಡವರಿಸಲಿಲ್ಲ. ಅವಳು ಕಣ್ಣೊರೆಸಿಕೊಂಡು "ಸರಿ" ಅಂದಳು.

ನನ್ನ ಮನಸ್ಸಿನಲ್ಲಿ ಇದ್ದದ್ದು ಇಷ್ಟು: ತೊಟ್ಟಿಯ ಪಕ್ಕದಲ್ಲಿ ನಾನು ಟವೆಲ್ ಹಿಡಿದು ನಿಂತಿರುತ್ತೇನೆ. ಅವಳು ಓಲೆ ಬಿಚ್ಚಿ ನನ್ನ ಕೈಗೆ ಕೊಡುತ್ತಾಳೆ. ಅವಳಿಗೆ ಬೇರೆ ಯಾರಿದ್ದಾರೆ? ನಾನು ಹಾಕಿಕೊಳ್ಳುವುದಿಲ್ಲ, ಪೆಟ್ಟಿಗೆಯಲ್ಲಿಡುತ್ತೇನೆ. ಆಗಾಗ ತೊಳೆದಿಡುತ್ತೇನೆ. ಅದರಲ್ಲೇನು ತಪ್ಪು? ಹೀಗೆ ಯೋಚಿಸುತ್ತಲೇ ನಾನು ಅವಳಿಗಾಗಿ ಪ್ರಾರ್ಥನೆಯನ್ನೂ ಮಾಡಿದೆ.

ದೀಕ್ಷಾಸ್ನಾನದ ಭಾನುವಾರ, ನೀರಿಗೆ ಇಳಿಯುವ ಮೊದಲು, ಅವಳು ಸಾಕ್ಷಿ ಹೇಳಲು ಎದ್ದಳು. "ನಮ್ಮಕ್ಕ ಎಲ್ಲಾ ಬಿಟ್ಟಳು. ಬಿಟ್ಟಿದ್ದರ ಕಡೆ ತಿರುಗಿ ನೋಡ್ಲಿಲ್ಲ. ಅವಳನ್ನ ನೋಡಿ ನಾನು ಕಲ್ತೆ," ಅಂದಳು. ಎಲ್ಲರೂ "ದೇವರಿಗೆ ಸ್ತೋತ್ರ" ಎಂದರು. ನಾನು ತಲೆ ಬಗ್ಗಿಸಿದೆ. ವಿನಯ ಎಂದು ಅವರು ತಿಳಿದಿರಬೇಕು.

ಕಾಣಿಕೆಯ ಹಾಡು ಶುರುವಾಯಿತು. ಕೆಂಪು ಮಖಮಲ್ಲಿನ ಚೀಲ ಸಾಲಿನಿಂದ ಸಾಲಿಗೆ ಬಂತು. ತಂಗಿ ಕುರ್ಚಿಯಲ್ಲಿ ಕೂತಲ್ಲೇ ಒಂದೊಂದಾಗಿ ಓಲೆ ಬಿಚ್ಚಿ ಚೀಲದೊಳಗೆ ಹಾಕಿ, ಚೀಲವನ್ನು ನನ್ನ ಕೈಗೆ ದಾಟಿಸಿದಳು.

ಅಮ್ಮನ ಓಲೆ ನನ್ನ ಕೈಯಲ್ಲಿತ್ತು. ಬಟ್ಟೆಯ ಮೇಲಿಂದಲೇ ತಿರುಪು ಬೆರಳಿಗೆ ಸಿಕ್ಕಿತು. ನಾನು ಚೀಲವನ್ನು ಮುಂದಕ್ಕೆ ಕೊಡಲಿಲ್ಲ. ಎಷ್ಟು ಹೊತ್ತು ಹಿಡಿದಿದ್ದೆನೋ, ಹಿಂದಿನಿಂದ ಒಬ್ಬರು "ಅಮ್ಮಾ, ಚೀಲ" ಅಂದರು. ತಂಗಿ ನನ್ನ ಕಡೆ ತಿರುಗಿದಳು. ಆಗ ಕೊಟ್ಟೆ. ಕೈ ಬರಿದಾದ ಕ್ಷಣ ನನಗೆ ಬಂದದ್ದು ದುಃಖವಲ್ಲ, ಕೋಪ. ಮೋಸ ಹೋದವಳ ಕೋಪ. ಅದರಿಂದಲೇ ನನಗೆ ನನ್ನ ಮನಸ್ಸು ಗೊತ್ತಾಯಿತು. ದೇವರಿಗೆ ಕೊಟ್ಟದ್ದಕ್ಕೆ ಕೋಪ ಬರುವವಳು ಅಲ್ಲಿಯ ತನಕ ಯಾರಿಗಾಗಿ ವಾಕ್ಯ ತೋರಿಸುತ್ತಿದ್ದಳು?

ಗೊತ್ತಾದ ಮೇಲೂ ಟವೆಲ್ ಹಿಡಿದೆ, ಅವಳ ತಲೆ ಒರೆಸಿದೆ. ಮನೆಗೆ ಬಂದು ಮತ್ತೆ ಕಡ್ಡಿ ಹಾಕಿಕೊಂಡೆ. ಅಭ್ಯಾಸ.

ಕೆಲವು ದಿನ ಕಳೆದು ತಂಗಿ ಹೇಳದೆ ಕೇಳದೆ ಬಂದಳು. ಬಾಗಿಲು ತೆರೆದೇ ಇತ್ತು, ನಾನು ಸೆರಗಿನ ಮುಂದೆ ಕೂತಿದ್ದೆ.

"ಏನೇ ಅದು ಕಿವೀಲಿ?"

ಕೈ ಕಿವಿಗೆ ಹೋಯಿತು. ಹುಣ್ಣಾಗಿದೆ, ಔಷಧಿಗೆ ಹಾಕಿಕೊಂಡಿದ್ದೇನೆ ಅನ್ನಬಹುದಿತ್ತು. ನಾಲಗೆಯ ತುದಿಗೂ ಬಂತು. ಆದರೆ ಅವಳ ಬರಿ ಕಿವಿ ನೋಡುತ್ತಾ ಅದನ್ನು ಹೇಳಲಾಗಲಿಲ್ಲ. ಎಲ್ಲ ಹೇಳಿದೆ. ಓರೆಗಣ್ಣು, ಕಡ್ಡಿ, ಓಲೆ ನನಗೇ ವಾಪಸ್ಸು ಬರುತ್ತದೆಂದು ಕಾದಿದ್ದು, ಎಲ್ಲ.

ಅವಳು ಅಳಲಿಲ್ಲ. "ಹಾಗಾದ್ರೆ ನಾನು ದೇವರಿಗೆ ಕೊಟ್ಟಿದ್ದಾ, ನಿನ್ನ ಹೊಟ್ಟೆಕಿಚ್ಚಿಗೆ ಕೊಟ್ಟಿದ್ದಾ?" ಎಂದು ಕೇಳಿದಳು. ಚಪ್ಪಲಿ ಮೆಟ್ಟಿಕೊಂಡು ಹೋದಳು.

ಮರುದಿನ ನಾನು ಪಾಸ್ಟರ ಹೆಂಡತಿ ಪಾಸ್ಟರಮ್ಮನ ಹತ್ತಿರ ಹೋಗಿ ನಡೆದದ್ದನ್ನು ಹೇಳಿದೆ. ಓಲೆ ತಂಗಿಗೆ ಹಿಂದಿರುಗಿಸಲು ಆಗುತ್ತದೆಯೇ ಎಂದು ಕೇಳಿದೆ. "ಅದು ಆಗಲೇ ಮಾರಿ ಆಯ್ತಮ್ಮ," ಅಂದರು. ಬೈಯಲಿಲ್ಲ. ಕೈ ಹಿಡಿದು ಪ್ರಾರ್ಥಿಸಿದರು. ಬೈದಿದ್ದರೆ ಚೆನ್ನಾಗಿತ್ತು. ಮನೆಗೆ ಬಂದು ಎರಡೂ ಕಡ್ಡಿ ಕಿತ್ತು ಕಸದ ಬುಟ್ಟಿಗೆ ಹಾಕಿದೆ. ಸಾಯಂಕಾಲ ಬುಟ್ಟಿಯ ಕಡೆ ನೋಡಿದೆ. ಕಸದ ಗಾಡಿ ಬಂದಾಗ ಎಲ್ಲರಿಗಿಂತ ಮೊದಲು ಹೋಗಿ ಸುರಿದು ಬಂದೆ.

ತಂಗಿ ಸಭೆಗೆ ಬರುವುದು ಬಿಡಲಿಲ್ಲ, ಹಿಂದಿನ ಸಾಲಿನಲ್ಲಿ ಕೂತಳು. ಪಕ್ಕದ ಕುರ್ಚಿ ಖಾಲಿ. ಈಗ ನೋಡಲು ಅಲ್ಲಿ ಏನೂ ಇಲ್ಲದಿದ್ದರೂ ನನ್ನ ಕಣ್ಣು ಅತ್ತಲೇ ಹೋಗುತ್ತಿತ್ತು. ಹೋದಾಗಲೆಲ್ಲ ಅದನ್ನು ಹಿಂದಕ್ಕೆ ಕರೆದುಕೊಂಡು ಬರುತ್ತಿದ್ದೆ. ಬಿಡುವುದು ತೊಟ್ಟಿಯಲ್ಲಿ ಒಂದು ಸಲ ಮುಳುಗಿದರೆ ಮುಗಿಯುತ್ತದೆ ಎಂದುಕೊಂಡಿದ್ದೆ. ಪ್ರತಿ ದಿನ ಬಿಡಬೇಕು. ಬಿಟ್ಟೆನೆಂದು ಹೇಳಿಕೊಳ್ಳುವ ಆಸೆಯನ್ನೂ ಬಿಡಬೇಕು. ನನಗೆ ಅದೇ ಹೆಚ್ಚು ಕಷ್ಟವಾಗಿದೆ.

ಹೋದ ಭಾನುವಾರ ಪ್ರಾರ್ಥನೆ ಮುಗಿದು ಎಲ್ಲರೂ ಹೊರಗೆ ಟೀ ಕುಡಿಯುತ್ತಿದ್ದರು. ಅವಳು ಲೋಟ ಹಿಡಿದುಕೊಂಡು ಬಂದು ನನ್ನ ಪಕ್ಕದಲ್ಲಿ ನಿಂತಳು.

"ನನ್ನ ಕಿವೀನೂ ಮುಚ್ಕೊಳ್ತಾ ಇದೆ," ಅಂದಳು. "ಕಡ್ಡಿ ಇದ್ರೆ ಒಂದು ಕೊಡೇ."

"ಬಿಸಾಕಿದೀನಿ."

"ಹೌದಾ? ತೋರ್ಸು."

ಲೋಟವನ್ನು ಕಟ್ಟೆಯ ಮೇಲಿಟ್ಟು, ಎಲ್ಲರ ಎದುರೇ ನನ್ನ ಕಿವಿ ಹಿಡಿದು ಬೆಳಕಿಗೆ ತಿರುಗಿಸಿದಳು. ಬೆರಳಿಗೆ ಈರುಳ್ಳಿಯ ವಾಸನೆ ಇತ್ತು. ಒಂದು ಕಡೆ ನೋಡಿದಳು, ಇನ್ನೊಂದು ಕಡೆ ನೋಡಿದಳು.

"ಬಲಗಡೇದು ಮುಚ್ಚಿದೆ," ಅಂದಳು. "ಎಡಗಡೇದು ಇನ್ನೂ ಸ್ವಲ್ಪ ಇದೆ."

"ಗೊತ್ತು," ಅಂದೆ.

ಅವಳು ಕಿವಿ ಬಿಟ್ಟು ಲೋಟ ಎತ್ತಿಕೊಂಡಳು. ಟೀ ಕುಡಿದು ಮುಗಿಸುವವರೆಗೂ ಪಕ್ಕದಲ್ಲೇ ನಿಂತಿದ್ದಳು.