ಬರಿಗೈ ಆಳಿಗೆ ನಾನು ಮಾಡಿದ ನಿಯಮ

“ಕೋಲು ಕೆಳಗಿಡಲೇ! ನಿನ್ನ ಆಳು ಬರಿಗೈಯಾಂವ ಅದಾನಿಲ್ಲೋ?”

ಹೋದ ಸೋಮವಾರ ಕುಣಿಕೋಣೂರಿನ ಫಾಟಾದಲ್ಲಿ ಬಸ್ಸಿಳಿದು ತವರುಮನೆಯ ಕಡೆ ನಡೆಯುತ್ತಿದ್ದೆ. ತಮ್ಮನ ಮಗುವಿಗೆ ಹೆಸರಿಡುವ ಕಾರ್ಯ. ಸೋದರತ್ತೆ ನಾನು. ಕಿವಿಯಲ್ಲಿ ಹೆಸರು ಹೇಳಬೇಕಾದವಳೇ ಲೇಟಾದರೆ ಹೇಗೆ? ಬಿರಬಿರನೆ ಹೊರಟಿದ್ದೆ. ಆ ಕೂಗು ಕೇಳಿ ಕಾಲು ತಾವಾಗಿಯೇ ನಿಂತವು.

ಬನ್ನಿಗಿಡದ ನೆರಳಲ್ಲಿ ನಾಲ್ಕು ಮಕ್ಕಳು. ಸುತ್ತ ಮೇಯುವ ಕುರಿ. ಮಕ್ಕಳ ನಡುವೆ ಮಣ್ಣಿನಲ್ಲಿ ಗೀರಿದ ಒಬ್ಬ ಮನುಷ್ಯ. ಅವನ ಕೈಯಲ್ಲೊಂದು ಕುಳಿ, ಕಾಲಲ್ಲೊಂದು, ಎದೆಯಲ್ಲೊಂದು, ಕಣ್ಣಲ್ಲೊಂದು. ಕುಳಿಗಳಲ್ಲಿ ಹುಣಸೆ ಬೀಜ.

ನೋಡಿದ ಕೂಡಲೇ ಗುರುತು ಸಿಕ್ಕಿತು. ಅದು ನನ್ನ ಆಟ. (ಜಂಬವಲ್ಲ. ನಾನೇ ಕಟ್ಟಿದ್ದು. ಆಗ ನನಗೆ ಹನ್ನೆರಡು ವರ್ಷ.)

ಕೂಗಿಸಿಕೊಂಡ ಹುಡುಗ ಎಂಟು ವರ್ಷದವನಿರಬೇಕು. ಎದ್ದು ತನ್ನ ಕೋಲನ್ನು ಹತ್ತು ಮಾರು ದೂರ ಇಟ್ಟು ಬಂದ. ಅವನಿಗೆ ಎರಡು ಬೀಜ ಹೆಚ್ಚಿಗೆ ಸಿಕ್ಕವು.

“ಯಾಕಪ್ಪಾ, ಕೋಲು ಯಾಕ ಅಷ್ಟ ದೂರ ಇಟ್ಟಿ?” ಎಂದೆ.

“ನಿಯಮ ಐತ್ರಿ.”

“ಯಾರ ಮಾಡ್ಯಾರ ಈ ನಿಯಮಾ?”

“ಹಿರ್ಯಾರು.”

ಹಿರಿಯರು! ನನಗಿನ್ನೂ ಇಪ್ಪತ್ತೈದು.

“ತ್ವಾಳ ಬಂದ್ರ ಏನ್ ಮಾಡ್ತಿ?”

ಅವನ ಬದಲು ಪಕ್ಕದ ಹುಡುಗಿ ಉತ್ತರ ಕೊಟ್ಟಳು: “ಬರಲೇಳ್ರಿ. ಇಂವನ ಕೈಯಾಗ ಏಳು ಬೀಜ ಅದಾವ.”

“ಹೋಗು, ಕೋಲು ತಗೊಂಡ ಬಾ. ಆ ನಿಯಮ ಇವತ್ತಿಂದ ರದ್ದ.”

“ಎರಡು ಬೀಜ ನೀವು ಕೊಡ್ತೀರೇನ್ರಿ? ನಿಮಗ ಆಟ ಗೊತ್ತಿಲ್ಲ, ಸುಮ್ನ ಹೋಗ್ರಿ ಅತ್ತಿ.”

ನಾನೇ ಮಾಡಿದ ಆಟ ನನಗೇ ಗೊತ್ತಿಲ್ಲವಂತೆ. ನಾನೇ ಹೋಗಿ ಕೋಲನ್ನು ಎತ್ತಿ ತಂದು ಹುಡುಗನ ತೊಡೆಯ ಪಕ್ಕ ಇಟ್ಟೆ. ಹೊರಟೆ. ಸ್ವಲ್ಪ ದೂರ ಹೋಗಿ ತಿರುಗಿ ನೋಡಿದರೆ ಕೋಲು ಮತ್ತೆ ಅದೇ ಹತ್ತು ಮಾರು ದೂರ.

ನಾನು ಓದಿದ್ದು ನಾಲ್ಕನೆಯ ಇಯತ್ತೆಯವರೆಗೆ ಎಂಬುದು ನಿಮಗೆ ಗೊತ್ತೇ ಇದೆ. ಬಟ್ಟೆ ಹೊಲಿಯುತ್ತೇನೆ, ವಾರಕ್ಕೊಮ್ಮೆ ಈ ಪತ್ರಿಕೆಯಲ್ಲಿ ಬರೆಯುತ್ತೇನೆ. ನೆರೆಯವರ ತಪ್ಪು, ಗಂಡಸರ ತಪ್ಪು, ಬಸ್ ಕಂಡಕ್ಟರನ ತಪ್ಪು ಎಲ್ಲವನ್ನೂ ಬರೆದಿದ್ದೇನೆ. ಇವತ್ತು ಸ್ವಲ್ಪ ಬೇರೆ.

ಇಸವಿ ಅರವತ್ತೈದೋ ಅರವತ್ತಾರೋ ಇರಬೇಕು. ಅಪ್ಪ ಮತ್ತು ನಾಯಿ ದೊಡ್ಡ ಹಿಂಡಿನ ಜೊತೆ ಹೋಗುತ್ತಿದ್ದರು. ಮರಿಗಳನ್ನೂ ಕುಂಟು ಕುರಿಗಳನ್ನೂ ಊರ ಹತ್ತಿರ ಮೇಯಿಸುವುದು ನಮ್ಮ ಪಾಲಿಗೆ. ನಾವೆಂದರೆ ನಾನು, ನನಗಿಂತ ಮೂರು ವರ್ಷಕ್ಕೆ ಚಿಕ್ಕವನಾದ ತಮ್ಮ ಮಾಳು, ಚಿಕ್ಕಪ್ಪನ ಮಗ ಸಿದ್ದು. ಮರಿ ಮೇಯುತ್ತವೆ, ನಾವು ಕೂತಿರುತ್ತೇವೆ. ಎಷ್ಟು ಹೊತ್ತು ಅಂತ ಕೂರುವುದು?

ಹಾಗೆ ಹುಟ್ಟಿದ್ದು ‘ಆಳು ಕಟ್ಟೂ ಆಟ’. ಒಬ್ಬೊಬ್ಬರಿಗೆ ಹನ್ನೆರಡು ಹುಣಸೆ ಬೀಜ. ಅಷ್ಟರಲ್ಲೇ ನಿಮ್ಮ ಆಳನ್ನು ಕಟ್ಟಬೇಕು. ಕೈಗೆ ಹಾಕಿದರೆ ಬಲ, ಕಾಲಿಗೆ ಹಾಕಿದರೆ ಓಟ, ಎದೆಗೆ ಹಾಕಿದರೆ ಧೈರ್ಯ, ಕಣ್ಣಿಗೆ ಹಾಕಿದರೆ ಎಚ್ಚರ. ಆಯುಧ ಬೇಕೇ? ಖಡ್ಗಕ್ಕೆ ನಾಲ್ಕು ಬೀಜ, ಬಿಲ್ಲಿಗೆ ಮೂರು, ಗುರಾಣಿಗೆ ಎರಡು. ಆಮೇಲೆ ನಾನು ಕತೆ ಹೇಳುತ್ತಿದ್ದೆ. ಏಳು ಬಾಗಿಲಿನ ಕೋಟೆ, ಕಲ್ಲು ನುಂಗುವ ಹಾವು, ಗುಡ್ಡದ ಮೇಲಿನ ರಾಕ್ಷಸ. ಹೊಡೆದಾಟ ಬಂದಾಗ ಸೀಳಿದ ಆರು ಬೀಜ ಎಸೆಯುವುದು. ಬಿಳಿಮಗ್ಗುಲು ಎಷ್ಟು ಬಿತ್ತೋ ಅಷ್ಟಕ್ಕೆ ಕುಳಿಯ ಬೀಜ ಕೂಡಿಸುವುದು. ರಾಕ್ಷಸನ ಲೆಕ್ಕ ನನ್ನ ಬಾಯಲ್ಲಿ.

ಇನ್ನೊಂದು ನಿಯಮ ಮೊದಲ ದಿನವೇ ಮಾಡಿದ್ದೆ. ಆಟದ ಮಾತು ಮನೆಯಲ್ಲಿ ಆಡಬಾರದು. ಮರಿ ಬಿಟ್ಟು ಆಡುತ್ತೇವೆಂದು ಗೊತ್ತಾದರೆ ಅಪ್ಪ ಬೆನ್ನು ಮುರಿಯುತ್ತಿದ್ದ.

ಸಿದ್ದು ಯಾವಾಗಲೂ ಖಡ್ಗದವನು. ಮಾಳು ಒಂದು ದಿನ ಬಹಳ ಹೊತ್ತು ಬೀಜ ಎಣಿಸಿ, “ನನ್ನ ಆಳಿಗಿ ಏನೂ ಬ್ಯಾಡ” ಅಂದ.

“ಹಂಗಾರ ರಾಕ್ಷಸ ಬಂದ್ರ ನಿನ್ನ ಆಳು ಕೈ ಮುಗಿತಾನೇನು?” ಸಿದ್ದು ನಕ್ಕ.

“ಮುಗಿಯೂದಿಲ್ಲ. ಅವನ ಕೈ ತಿರುವತಾನ.”

ಖಡ್ಗದ ನಾಲ್ಕು ಬೀಜ ಕೈಗೆ ಬಿದ್ದವು. ಗುರಾಣಿಯ ಎರಡು ಎದೆಗೆ. ಆವತ್ತಿನಿಂದ ಮಾಳುವಿನ ಆಳು ಸೋಲಲೇ ಇಲ್ಲ. ಕತೆ ಹೇಳುವವಳ ಬಳಿ ಇದ್ದ ದೊಡ್ಡ ಕುತಂತ್ರವೆಂದರೆ ಆಯುಧ ಕಿತ್ತುಕೊಳ್ಳುವುದು. ಸಿದ್ದುವಿನ ಖಡ್ಗವನ್ನು ಬಾವಿಗೆ ಬೀಳಿಸುತ್ತಿದ್ದೆ, ಹಾವಿಗೆ ನುಂಗಿಸುತ್ತಿದ್ದೆ. ಮಾಳುವಿನ ಆಳಿಂದ ಏನು ಕಿತ್ತುಕೊಳ್ಳಲಿ? ಕೈ ಕೀಳಲಾಗುತ್ತದೆಯೇ?

ಇಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು.

ಆ ವರ್ಷ ಅಪ್ಪ ಮಾಳುವಿಗೆ ಒಂದು ಕೋಲು ಮಾಡಿಕೊಟ್ಟ. ಗಟ್ಟಿ ಬಿದಿರು, ಎಣ್ಣೆ ಕುಡಿಸಿ ಕುಡಿಸಿ ಕೆಂಪಾದದ್ದು, ತುದಿಗೆ ಕಬ್ಬಿಣದ ಬಳೆ. ಕಲ್ಲಿಗೆ ತಾಗಿಸಿದರೆ ಠಣ್ ಎನ್ನುತ್ತಿತ್ತು. “ನನಗೂ ಬೇಕು” ಅಂದೆ. ಮೂರು ವರ್ಷ ದೊಡ್ಡವಳು, ಮೂರು ವರ್ಷ ಹೆಚ್ಚು ಕುರಿ ಕಾದವಳು.

ಅಪ್ಪ ಅವ್ವನ ಕಡೆ ನೋಡಿ ನಕ್ಕ. “ಆಕಿಗಿ ಊದುಗೊಳವಿ ಸಾಕು.”

ನಾನೂ ನಕ್ಕೆ. ಮರುದಿನ ಬನ್ನಿಗಿಡದ ಬುಡದಲ್ಲಿ ಹೊಸ ನಿಯಮ ಹೊರಟಿತು.

“ಆಳು ಬರಿಗೈಯಾಂವ ಇದ್ರ, ಆಡಾಂವನ ಕೈಯಾಗೂ ಏನೂ ಇರಬಾರ್ದು. ಕೋಲು ಕೆಳಗಿಡು. ಎರಡು ಬೀಜ ಹೆಚ್ಚಿಗಿ ಕೊಡ್ತೀನಿ.”

ಮಾಳು ಯೋಚಿಸಿದ. “ಖರೇ ಐತಿ ಬಿಡು. ಇಲ್ಲಾಂದ್ರ ಆಳಿಗಿ ಮೋಸ ಆಗ್ತೈತಿ” ಅಂದ. ಕೋಲಿಟ್ಟ. ನಾನು ಎತ್ತಿಕೊಂಡೆ. “ಮರಿ ನಾ ನೋಡ್ಕೋತೀನಿ, ಕತಿ ನೀವ ಹೇಳ್ಕೊಂಡ ಆಡ್ರಿ” ಅಂದೆ. ಹೆಗಲ ಮೇಲೆ ಕೋಲಿಟ್ಟುಕೊಂಡು ದಿಬ್ಬ ಹತ್ತಿ ನಿಂತೆ, ಥೇಟ್ ಅಪ್ಪನಂತೆ. ಆ ಸುಖವನ್ನು ಹೇಗೆ ವರ್ಣಿಸಲಿ? ಹೊಸ ಸೀರೆ ಉಟ್ಟ ದಿನವೂ ನನಗೆ ಅಷ್ಟು ಸುಖವಾಗಿಲ್ಲ.

ಹದಿನೈದು ದಿನ ಹೀಗೆ ನಡೆಯಿತು.

ಹದಿನಾರನೆಯ ದಿನ ನಾನು ದಿಬ್ಬದ ಮೇಲೂ ಇರಲಿಲ್ಲ. ಎರಡು ಹೊಲದಾಚೆ ಬಾರಿಗಿಡಕ್ಕೆ ಹಣ್ಣು ಬಂದಿದ್ದವು. ಉದ್ದ ಕೋಲು ಕೈಯಲ್ಲಿದ್ದರೆ ಎತ್ತರದ ಹಣ್ಣೂ ನಿಮ್ಮದೇ. ಬಡಿಯುತ್ತಿದ್ದೆ, ಆರಿಸುತ್ತಿದ್ದೆ, ತಿನ್ನುತ್ತಿದ್ದೆ. ಇಳಿಹೊತ್ತು. ಸಿದ್ದುವಿನ ಕಿರುಚಾಟ ಕೇಳಿಸಿತು.

ಕುರಿಮರಿಗಳ ನಡುವೆ ತೋಳ ಬಂದಿತ್ತು. ಸಿದ್ದು ಊರ ಕಡೆ ಓಡಿದ. ಮಾಳು ಓಡಲಿಲ್ಲ. ಒಂಬತ್ತು ವರ್ಷದ ಹುಡುಗ ಬರಿಗೈಯಲ್ಲಿ ತೋಳದ ಮೇಲೆ ಹೋದ. ಅದರ ಬಾಯಲ್ಲಿದ್ದ ಮರಿಯ ಹಿಂಗಾಲು ಹಿಡಿದು ಜಗ್ಗಿದ. ತೋಳ ಮರಿಯನ್ನು ಬಿಟ್ಟು ಅವನ ಬಲಗೈ ಹಿಡಿಯಿತು.

ನಾನು ಓಡಿ ಬಂದೆ. ಕೋಲನ್ನು ಕಲ್ಲಿಗೆ ಅಪ್ಪಳಿಸಿದೆ. ಬಳೆ ಠಣ್ ಎಂದಿತು. ಅಷ್ಟೇ. ತೋಳ ಕೈ ಬಿಟ್ಟು ಹೋಯಿತು. ಒಂದು ಏಟೂ ಹಾಕಬೇಕಾಗಲಿಲ್ಲ.

(ಈ ಎರಡು ಸಾಲು ಬರೆಯಲು ನನಗೆ ಹದಿಮೂರು ವರ್ಷ ಹಿಡಿಯಿತು.)

ಜತ್ತದ ದವಾಖಾನೆಯಲ್ಲಿ ಹೊಲಿಗೆ ಹಾಕಿದರು. ಹೊಕ್ಕುಳ ಸುತ್ತ ದಿನಕ್ಕೊಂದರಂತೆ ಹದಿನಾಲ್ಕು ಇಂಜೆಕ್ಷನ್. ಕೊನೆಯದು ಮುಗಿದ ದಿನ ಬಂಡಿಯಲ್ಲಿ ಮಲಗಿದ್ದ ಮಾಳು ನನ್ನ ಕಿವಿಯಲ್ಲಿ, “ಅಕ್ಕಾ, ಹದಿನಾಲ್ಕು ಸೂಜಿ ಆದವು. ಹನ್ನೆರಡು ನಂದು, ಎರಡು ನೀ ಕೊಟ್ಟದ್ದು” ಅಂದು ನಕ್ಕ. ನಾನು ಎತ್ತಿನ ಬಾಲ ನೋಡುತ್ತ ಕೂತೆ.

ಆದರೆ ತಪ್ಪೊಪ್ಪಿಗೆ ಇದಲ್ಲ. ಅದು ಮುಂದಿದೆ. ಕಚ್ಚಿಸಿಕೊಂಡ ಸಂಜೆಯೇ ಅಪ್ಪ ಕೇಳಿದ್ದ: “ಕೋಲು ಎಲ್ಲಿತ್ತು?”

ಮಾಳು ನನ್ನನ್ನು ನೋಡಿದ.

“ಗಿಡದ ಬುಡಕ್ಕ ಮರತ ಬಿಟ್ಟಿದ್ದ” ಎಂದೆ.

ಮಾಳು ಬಾಯಿ ಬಿಡಲಿಲ್ಲ. ಅಪ್ಪ ಕೋಲನ್ನು ತೆಗೆದುಕೊಂಡು ನನ್ನ ಕೈಗೆ ಕೊಟ್ಟ. “ಇನ್ ಮ್ಯಾಲ ಇದು ನಿನ್ನ ಕಡೆ ಇರ್ಲಿ. ಇಂವಗ ಖಬರಿಲ್ಲ.”

ನೋಡಿ, ನಾನು ಕೇಳಿದ್ದು ಕೊನೆಗೂ ಸಿಕ್ಕಿತು. ಮದುವೆಯಾಗಿ ತಿಕೋಂಡಿಗೆ ಹೋಗುವವರೆಗೂ ಆ ಕೋಲು ನನ್ನ ಹೆಗಲ ಮೇಲಿತ್ತು. ಊರವರು ನನ್ನನ್ನು ಹೊಗಳಿದರು. ಮಾಳುವಿಗೆ ‘ಮರವಿ ಮಾಳ್ಯಾ’ ಎಂಬ ಹೆಸರು ಬಿತ್ತು. ಬಲಗೈಯ ಎರಡು ಬೆರಳು ಮಡಚುವುದಿಲ್ಲ. ಕುರಿಯ ಉಣ್ಣೆ ಕತ್ತರಿಸಲಾಗುವುದಿಲ್ಲ ಎಂಬುದು ಒಂದು. ಅದನ್ನು ಇನ್ನೊಬ್ಬರು ಮಾಡಬಹುದು. ಆದರೆ ಮರೆಯುವವನ ಹಿಂದೆ ಹಿಂಡು ಕಳಿಸುವವರಾರು? ಬೇಸಗೆಯಲ್ಲಿ ಕುರಿ ಹೊಡೆದುಕೊಂಡು ಕೃಷ್ಣೆಯ ದಡಕ್ಕೆ ಹೋಗುವಾಗ ಅಪ್ಪ ಸಿದ್ದುವನ್ನು ಕರೆದುಕೊಂಡು ಹೋದ. ಪ್ರತಿ ವರ್ಷ. ಓಡಿಹೋದವನನ್ನು! ಇವತ್ತು ಹಿಂಡು ಸಿದ್ದುವಿನ ಕೈಯಲ್ಲಿದೆ. ಮಾಳು ಮನೆಯಲ್ಲುಳಿದು ಜೋಳ ಬಿತ್ತುತ್ತಾನೆ.

ಸೋಮವಾರ ಹೆಸರಿಟ್ಟಾದ ಮೇಲೆ ಎಲ್ಲರೂ ಊಟಕ್ಕೆ ಕೂತರು. ಮಾಳು ಹಿತ್ತಲಲ್ಲಿ ಶೇಂಗಾ ಸುಲಿಯುತ್ತಿದ್ದ, ಮೂರು ಬೆರಳಲ್ಲಿ. ಪಕ್ಕದಲ್ಲಿ ಕೂತೆ.

“ನಮ್ಮ ಆಟ ಇನ್ನೂ ಆಡತಾರಲ್ಲೋ ಹುಡುಗರು?”

“ನಾನ ಕಲಿಸೀನಿ!” ಮುಖ ಅರಳಿತು. “ಒಂದೂ ನಿಯಮ ಬಿಡದಂಗ ಹೇಳಿಕೊಟ್ಟೀನಿ.”

ಯಾರೋ ಕಪಾಳಕ್ಕೆ ಹೊಡೆದಂತಾಯಿತು. ನಾನು ಹೇಳಿಬಿಟ್ಟೆ.

“ಮಾಳು, ಕೋಲಿನ ನಿಯಮ ಸುಳ್ಳೋ. ನನಗ ನಿನ್ನ ಕೋಲು ಬೇಕಾಗಿತ್ತು. ಅದಕ್ಕ ಮಾಡಿದ್ದು.”

ಅವನು ಸುಲಿಯುವುದನ್ನು ನಿಲ್ಲಿಸಿದ. ಕೈ ನೋಡಿಕೊಂಡ. ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ಚಲೋ ಇತ್ತು.

“ಹಂಗಾರ ಆ ಎರಡು ಬೀಜ?”

“ಲಂಚ.”

“ಅಂದ್ರ ನನ್ನ ಆಳು ಲಂಚದ ಮ್ಯಾಲ ಗೆದ್ದಾನೇನು?”

ಹದಿಮೂರು ವರ್ಷದ ಮೇಲೆ ಅವನಿಗೆ ಬೇಕಾಗಿದ್ದುದು ಇದೊಂದೇ ಉತ್ತರ. ಕೈಯದಲ್ಲ, ಹಿಂಡಿನದಲ್ಲ.

“ಇಲ್ಲೋ. ಅದರಕಿಂತ ಮೊದಲ ಗೆದ್ದಿದ್ದ. ಹನ್ನೆರಡರಾಗ. ನಾ ಏನ್ ಮಾಡಿದ್ರೂ ಸೋಲಲಿಲ್ಲ ಅಂವ.”

“ಹಾಂ, ಅದನ್ನ ಹೇಳು ಮತ್ತ” ಎಂದು ಮತ್ತೆ ಸುಲಿಯತೊಡಗಿದ. ನಾಲ್ಕು ಕಾಯಿ ಸುಲಿದು, “ನಾಳಿ ಹುಡುಗರಿಗಿ ಹೇಳ್ತೀನಿ. ಕೋಲು ಕೈಯಾಗ ಇರ್ಲಿ. ಎರಡು ಬೀಜ ಹಂಗ ಕೊಡೂಣು. ಕೊಟ್ಟದ್ದು ಕಸ್ಗೊಂಡ್ರ ಹುಡುಗರು ಬಿಡೂದಿಲ್ಲ” ಎಂದ.

“ಅಪ್ಪಗ ಯಾಕ ಹೇಳಲಿಲ್ಲೋ ನೀನು? ಕೋಲು ಅಕ್ಕನ ಕಡೆ ಇತ್ತು ಅಂತ?”

ನನ್ನನ್ನು ದಡ್ಡಿಯಂತೆ ನೋಡಿದ. “ಹೆಂಗ ಹೇಳ್ಲಿ? ಆಟದ ಮಾತು ಮನ್ಯಾಗ ಆಡಬಾರ್ದು. ನಿಂದ ನಿಯಮ ಅಲ್ಲೇನು ಅದು?”

ಅಷ್ಟರಲ್ಲಿ ಅಂಗಳದಿಂದ ಅಪ್ಪನ ದನಿ. “ಏ ಮರವೀ! ನನ್ನ ಕಂಬಳಿ ಎಲ್ಲಿ ಮರತ ಬಂದ್ಯೋ?”

ಹಿತ್ತಲ ಬಾಗಿಲಿಂದ ಕಾಣುತ್ತಿತ್ತು: ಕಂಬಳಿ ಅಪ್ಪನ ಹೆಗಲ ಮೇಲೆಯೇ ಇತ್ತು. ಊಟಕ್ಕೆ ಕೂತವರೆಲ್ಲ ನಕ್ಕರು. ಮಾಳುವಿನ ಹೆಂಡತಿ ನಗಲಿಲ್ಲ. ತೊಟ್ಟಿಲ ಹಗ್ಗ ಹಿಡಿದು ಕೆಳಗೆ ನೋಡಿದಳು.

ಅಪ್ಪನಿಗೂ ನನಗೂ ನಡುವೆ ಎಂಟು ಹೆಜ್ಜೆ. ಎದ್ದೆ, ಹೋದೆ. ಮುಂದೆ ನಿಂತೆ. “ಬಸ್ಸಿಗಿ ಟೈಮ್ ಆತು, ಬರ್ತೀನಿ ಅಪ್ಪಾ” ಎಂದೆ. ಕಾಲಿಗೆ ಬಿದ್ದು ಹೊರಟುಬಂದೆ. ಇದ್ದದ್ದು ಇಷ್ಟೇ ಧೈರ್ಯ. ನನ್ನ ಆಳಿನ ಎದೆಯ ಕುಳಿಗೆ ಒಂದು ಬೀಜವನ್ನೂ ಹಾಕಿರಲಿಲ್ಲ ಎಂದು ಕಾಣುತ್ತದೆ.

ಅಪ್ಪನಿಗೆ ಓದು ಬರುವುದಿಲ್ಲ. ಆದರೆ ಮಗಳು ಬರೆದದ್ದನ್ನು ಒಂದು ವಾರವೂ ಬಿಡುವುದಿಲ್ಲ. ಗುರುವಾರ ಪತ್ರಿಕೆ ಬಂದ ಕೂಡಲೇ ಕಟ್ಟೆಯ ಮೇಲೆ ನಾಲ್ಕು ಜನರನ್ನು ಕೂಡಿಸಿ ಓದಿಸುತ್ತಾನೆ. ಓದುವವನು ಮಾಳು.

ಮಾಳೂ, ಆಟದ ಮಾತು ಮನೆಯಲ್ಲಿ ಆಡಬಾರದೆಂಬ ನಿಯಮವೂ ಇವತ್ತಿಗೆ ರದ್ದು. ನಾನು ಹೇಳಲಾರದ್ದನ್ನು ನೀನು ಒಂದೂ ಸಾಲು ಬಿಡದೆ ಅಪ್ಪನಿಗೆ ಗಟ್ಟಿಯಾಗಿ ಓದುತ್ತೀಯಾ?