ಮುಯ್ಯಿ ಕಾರ್ಡಿನ ಮೇಲೊಂದು ರೂಪಾಯಿ

ಕಿಬ್ಬನಹಳ್ಳಿ ಕ್ರಾಸಿನ ಫ್ಯಾನ್ಸಿ ಸ್ಟೋರಿನ ಗಿರಿಜಾಂಬಿಕಾ ಅವರು ಗಿಫ್ಟ್ ಕಾರ್ಡೊಂದಕ್ಕೆ ಇಪ್ಪತ್ತಾರು ರೂಪಾಯಿ ಹೆಚ್ಚಿಗೆ ಕಿತ್ತು, ಆ ದುಡ್ಡಿನಲ್ಲೇ ಮನೆಯ ಮೇಲೆ ಮಹಡಿ ಎಬ್ಬಿಸಿದ್ದಾರೆ ಎಂಬ ಮಾತು ತಿಪಟೂರಿನ ಬಸ್ಸುಗಳಲ್ಲಿ ಸಾಕಷ್ಟು ಓಡಾಡಿದೆ. ಆದರೆ ಅದು ಮಹಡಿಯಲ್ಲ. ಕೊಬ್ಬರಿಗೆಂದು ಕಾಯಿ ಕೂಡಿಡಲು ಅವರ ಮಾವ ಎತ್ತರಿಸಿದ ಅಟ್ಟ. ಇಪ್ಪತ್ತಾರರಲ್ಲಿ ಇಪ್ಪತ್ತೈದು ಕಾರ್ಡಿನ ಕಂಪನಿಗೆ ಹೋಗುವ ಶುಲ್ಕ; ಕಾರ್ಡಿನ ಬೆನ್ನಿನಲ್ಲಿ ಎಳ್ಳುಕಾಳಿನಷ್ಟು ಅಕ್ಷರಗಳಲ್ಲಿ ಅಚ್ಚಾಗಿದೆ. ಉಳಿದ ಒಂದು ರೂಪಾಯಿಯ ಕಥೆ ಬೇರೆ.

ಗಿರಿಜಾಂಬಿಕಾ ಅವರ ಮದುವೆಗೆ ಏಳು ಗೋಡೆ ಗಡಿಯಾರಗಳು ಉಡುಗೊರೆಯಾಗಿ ಬಂದಿದ್ದವು. ಅವುಗಳಲ್ಲಿ ಎರಡು ಅವರ ಫ್ಯಾನ್ಸಿ ಸ್ಟೋರಿನಲ್ಲಿ ಇಂದಿಗೂ ಓಡುತ್ತಿವೆ, ಒಂದಕ್ಕಿಂತ ಒಂದು ಹತ್ತು ನಿಮಿಷ ಮುಂದೆ. ಇನ್ನೊಬ್ಬ ಮದುವಣಗಿತ್ತಿಗೆ ಆ ಗತಿ ಬಾರದಿರಲಿ, ಬೇಕಾದ ಸೀರೆಯನ್ನು ಅವಳೇ ಆರಿಸಿಕೊಳ್ಳಲಿ ಎಂದು, ಬಟ್ಟೆಯಂಗಡಿಗಳಲ್ಲಿ ನಡೆಯುವ ಈ ಕಾರ್ಡುಗಳನ್ನು ಅವರು ಮಾರತೊಡಗಿದರು. ಮೊದಲ ಗಿರಾಕಿ ಕೆಂಕೆರೆಯ ಕುರಿಗಾಹಿ ಹುಚ್ಚರಂಗಯ್ಯ. ತಂಗಿಯ ಮೊಮ್ಮಗಳ ಮದುವೆಗೆ ಮುಯ್ಯಿ, ಅಂದರೆ ಉಡುಗೊರೆಯ ದುಡ್ಡು, ಹಾಕಲು ಹೊರಟಿದ್ದವರು. ಐನೂರರ ಕಾರ್ಡನ್ನು ತಿರುಗಿಸಿ ನೋಡಿ ಹಿಂದಕ್ಕೆ ತಳ್ಳಿದರು.

“ಸೊನ್ನೆಗೆ ನಿಂತ ದುಡ್ಡ ಮುಯ್ಯಿ ಹಾಕ್ತಾರೇನವ್ವ? ಐನೂರೊಂದು ಮಾಡ್ಕೊಡು.”

“ಮಿಷನ್ನು ಐನೂರೊಂದು ತಗಳಲ್ಲ ಕಣಜ್ಜ.”

“ಮದ್ವೆ ಮಿಷನ್ನಿಗಾ, ಹೆಣ್ಣಿಗಾ?”

ಗಿರಿಜಾಂಬಿಕಾ ಗಲ್ಲಾಪೆಟ್ಟಿಗೆ ತೆರೆದರು. ಒಂದು ರೂಪಾಯಿಯ ನಾಣ್ಯಕ್ಕೆ ಅರಿಶಿನ ಸವರಿ, ಕಾರ್ಡಿನ ಮೇಲೆ ಅಂಟಿಸಿ, ಕವರಿನೊಳಗಿಟ್ಟು ಕೊಟ್ಟರು. ಅಂದಿನಿಂದ ಎಲ್ಲ ಕಾರ್ಡುಗಳೂ ಹಾಗೆಯೇ, ಆ ರೂಪಾಯಿಯನ್ನೂ ಬೆಲೆಗೆ ಸೇರಿಸಿಕೊಂಡು ಹೋದವು. ಅದನ್ನು ಗಿರಾಕಿಗಳಿಗೆ ಬಿಡಿಸಿ ಹೇಳಬೇಕೆಂದು ಅವರಿಗೆ ತೋಚಲೇ ಇಲ್ಲ. ಮುಯ್ಯಿಗೆ ಮೇಲೊಂದು ರೂಪಾಯಿ ಬೇಕೆಂಬುದು ಯಾರಿಗೆ ತಾನೇ ತಿಳಿಯದು? ಅವರ ತಪ್ಪು ಇಷ್ಟೇ.

ಹೋದ ವರ್ಷ ಪ್ರೌಢಶಾಲೆಯ ಗಣಿತದ ಮೇಷ್ಟ್ರು ಸೂರ್ಯಪ್ರಕಾಶ್ ಐನೂರರ ಕಾರ್ಡಿಗೆ ಐನೂರ ಇಪ್ಪತ್ತಾರು ಕೊಟ್ಟರು. ರಸೀದಿಯಲ್ಲಿ ಐನೂರ ಇಪ್ಪತ್ತೈದಿತ್ತು. ಎದುರಿಗೆ ಕೇಳಲು ಸಂಕೋಚಪಟ್ಟು ಮನೆಗೆ ಹೋಗಿ ಕಂಪನಿಗೆ ದೂರು ಬರೆದರು. ಅಚ್ಚಾದ ಶುಲ್ಕಕ್ಕಿಂತ ಹೆಚ್ಚು ಪಡೆದ ಅಂಗಡಿಯಿಂದ ಕಾರ್ಡಿಗೆ ದುಡ್ಡು ತುಂಬುವ ಯಂತ್ರವನ್ನು ಸೋಮವಾರ ವಾಪಸು ಒಯ್ಯುವುದಾಗಿ ಫೋನು ಬಂತು. ಗಿರಿಜಾಂಬಿಕಾ ನಾಣ್ಯದ ವಿಷಯ ವಿವರಿಸಿದರು. ಆಚೆಯ ಹುಡುಗಿ “ಯಾವ ಕಾಯಿನ್ ಮೇಡಂ?” ಎಂದು ಮೂರು ಸಲ ಕೇಳಿ ಫೋನಿಟ್ಟಳು. ಯಂತ್ರ ಹೋದರೆ ವ್ಯಾಪಾರದ ಅರ್ಧ ಹೋಗುತ್ತಿತ್ತು. ಕೆಟ್ಟ ಹೆಸರು ಮಾತ್ರ ಅಂಗಡಿಯಲ್ಲೇ ಉಳಿಯುತ್ತಿತ್ತು.

ಭಾನುವಾರ ಬೆಳಿಗ್ಗೆ, ಮದುವೆಗೆ ಹೊರಟಿದ್ದ ಮೇಷ್ಟ್ರನ್ನು ಅವರ ಹೆಂಡತಿ ಸುನಂದಾ ಅಂಗಡಿಗೆ ಎಳೆದುಕೊಂಡು ಬಂದರು. ಕೈಯಲ್ಲಿ ಅದೇ ಕವರು.

“ಗಿರಿಜಕ್ಕ, ಮೇಲೊಂದ್ರೂಪಾಯಿ ಹಾಕಣ ಅಂತ ಈಗ ಕವರ್ ಬಿಚ್ಚಿದ್ರೆ, ನೀವೇ ಹಾಕಿದ್ದೀರಲ್ಲ! ಇವ್ರು ಒಳಗೆ ನೋಡ್ದಲೇ ಕಂಪ್ಲೇಂಟ್ ಬರ್ದವ್ರೆ ಕಣ್ರೀ.”

“ಪೇಪರ್ ಬಿಚ್ಚದೇನೇ ಮಾರ್ಕ್ಸ್ ಹಾಕ್ಬುಟ್ರಾ ಮೇಷ್ಟ್ರೇ? ನಾಳೆ ಮಿಷನ್ ತಗಂಡೋಗ್ತಾರಂತೆ.”

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಅಲ್ಲೇ ನಿಂತು ಫೋನು ಮಾಡಿ ದೂರನ್ನು ಹಿಂತೆಗೆದುಕೊಂಡರು. ಆದರೂ ಲೆಕ್ಕ ಅವರನ್ನು ಬಿಡಲಿಲ್ಲ.

“ಒಂದ್ರೂಪಾಯಿ ಸರಿ ಕಣಮ್ಮ. ಆ ಇಪ್ಪತ್ತೈದು ಯಾಕೆ?”

“ನಂಗೂ ಗೊತ್ತಿಲ್ಲ ಸಾರ್. ಅದುಕ್ಕೊಂದು ಕಂಪ್ಲೇಂಟ್ ಬರೀರಿ, ನಾನೂ ಸೈನ್ ಹಾಕ್ತೀನಿ.”

“ಮದ್ವೆ ಊಟ ಆದ್ಮೇಲೆ ಬರೀರಿ, ಬಸ್ಸು ಬಂತು” ಎಂದರು ಸುನಂದಾ.

ಊಟವಾದ ಮೇಲೆ ಬರೆದರು. ಇಬ್ಬರೂ ಸಹಿ ಹಾಕಿದರು.

ಈಗ ಯಂತ್ರ ಅಂಗಡಿಯಲ್ಲೇ ಇದೆ. ಎರಡು ಗಡಿಯಾರಗಳ ನಡುವೆ ಮೇಷ್ಟ್ರ ಕೈಬರಹದ ರಟ್ಟೊಂದು ತೂಗುತ್ತದೆ: ‘ಇಪ್ಪತ್ತೈದು ಕಂಪನಿಯದು. ಮೇಲೊಂದು ರೂಪಾಯಿ ನೀವೇ ತನ್ನಿ. ಅರಿಶಿನ, ಅಂಟು ನಮ್ಮದು.’ ಎರಡನೆಯ ಪತ್ರಕ್ಕೆ ಕಂಪನಿಯಿಂದ ಇನ್ನೂ ಉತ್ತರ ಬಂದಿಲ್ಲ. ಶುಲ್ಕ ಇಪ್ಪತ್ತೈದೇ ಇದೆ.